ಬೆಲ್‌ಫಾಸ್ಟ್‌ನಲ್ಲಿ ಬಂದೂಕು ಕೆಳಗಿಟ್ಟವರ ಮಾತು ಕೇಳೋಕೆ ಹೋಗುವವರಿಗೆ

ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ಗೆ ಬರುವ ನಮ್ಮ ಕಡೆಯವರು ಟೈಟಾನಿಕ್ ಮ್ಯೂಸಿಯಂ ನೋಡುತ್ತಾರೆ, ಜೈಂಟ್ಸ್ ಕಾಸ್‌ವೇಗೆ ಹೋಗಿ ಫೋಟೊ ಹೊಡೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗೀತು. ನಾನು ಇಲ್ಲಿ ನರ್ಸ್. ಊರಿಂದ ಯಾರೇ ಬಂದರೂ, ನನಗೆ ರಜೆ ಸಿಕ್ಕ ದಿನ ಫಾಲ್ಸ್ ರೋಡಿಗೂ ಶಾಂಕಿಲ್ ರೋಡಿಗೂ ಕರೆದುಕೊಂಡು ಹೋಗುತ್ತೇನೆ. ಒಂದು ಕಾಲದಲ್ಲಿ ಎದುರುಬದುರು ಗುಂಪುಗಳಲ್ಲಿದ್ದು ಜೈಲಿಗೆ ಹೋಗಿ ಬಂದವರೇ ಅಲ್ಲಿ ಜನರನ್ನು ಬೀದಿಬೀದಿ ನಡೆಸುತ್ತಾ ಆ ದಿನಗಳ ಕಥೆ ಹೇಳುತ್ತಾರೆ. ಫಾಲ್ಸ್ ಕಡೆ ರಿಪಬ್ಲಿಕನ್ ಮಾಜಿ ಕೈದಿಗಳು, ಶಾಂಕಿಲ್ ಕಡೆ ಲಾಯಲಿಸ್ಟ್ ಮಾಜಿ ಕೈದಿಗಳು. ದುಡ್ಡು ಕೊಟ್ಟು ಬುಕ್ ಮಾಡಿದರೆ ಯಾರು ಬೇಕಾದರೂ ಹೋಗಬಹುದು. ಆದರೆ ಏನು ಕೇಳಬೇಕು, ಏನು ಕೇಳಬಾರದು ಅಂತ ಗೊತ್ತಿಲ್ಲದಿದ್ದರೆ ಸುಮ್ನೆ ಕಾಲು ನೋಯಿಸಿಕೊಂಡು ಬರುತ್ತೀರಿ.

ಹೊರಡುವ ಮುಂಚೆ ಇಷ್ಟು ತಲೆಯಲ್ಲಿರಲಿ. ಗಲಭೆ ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ. ನಿಂತದ್ದು 1998ರ ಏಪ್ರಿಲ್‌ನ ಗುಡ್ ಫ್ರೈಡೆ ಶಾಂತಿ ಒಪ್ಪಂದದಿಂದ, ಅದೂ ಬಹುಮಟ್ಟಿಗೆ. ಸತ್ತವರು 3,500ಕ್ಕೂ ಜಾಸ್ತಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಮಾನ್ಯ ನಾಗರಿಕರು. ಉತ್ತರ ಐರ್ಲೆಂಡ್ ಬ್ರಿಟನ್ ಬಿಟ್ಟು ಐರ್ಲೆಂಡಿಗೆ ಸೇರಬೇಕು ಅನ್ನುವವರು ರಿಪಬ್ಲಿಕನ್ನರು, ಹೆಚ್ಚಾಗಿ ಕ್ಯಾಥೊಲಿಕ್ ಮನೆಗಳವರು. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು ಲಾಯಲಿಸ್ಟರು, ಹೆಚ್ಚಾಗಿ ಪ್ರಾಟೆಸ್ಟೆಂಟರು. ಹಾಗಂತ ಯಾರೂ ಪೂಜೆ ಪ್ರಾರ್ಥನೆ ವಿಷಯಕ್ಕೆ ಹೊಡೆದಾಡಲಿಲ್ಲ. ಸರ್ಕಾರಿ ಮನೆ ಯಾರಿಗೆ, ಕೆಲಸ ಯಾರಿಗೆ, ಮುನಿಸಿಪಾಲಿಟಿ ವೋಟು ಯಾರಿಗೆ, ಕೊನೆಗೆ ಈ ನೆಲ ಯಾರದು ಅನ್ನೋದೇ ಜಗಳ. ಒಪ್ಪಂದವಾದ ಮೇಲೆ ಎರಡೂ ಕಡೆಯ 400ಕ್ಕೂ ಹೆಚ್ಚು ಕೈದಿಗಳನ್ನು ಅವಧಿಗೆ ಮುಂಚೆಯೇ ಬಿಟ್ಟರು.

ಬುಕ್ ಮಾಡುವಾಗ ಎರಡೂ ಕಡೆಯನ್ನು ಒಂದೇ ದಿನ ತೋರಿಸುವ ನಡಿಗೆಯನ್ನೇ ಕೇಳಿ. ಒಬ್ಬರು ಅರ್ಧ ದಾರಿ ನಡೆಸಿ, ಎರಡು ಕಡೆಗಳನ್ನು ಬೇರೆ ಮಾಡುವ ಗೋಡೆಯ ಗೇಟಿನ ಹತ್ತಿರ ನಿಮ್ಮನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಆ ಒಪ್ಪಿಸುವ ಹೊತ್ತಲ್ಲಿ ಫೋನ್ ನೋಡುತ್ತಾ ನಿಲ್ಲಬೇಡಿ. ನಾನು ಹೋದಾಗ ಫಾಲ್ಸ್‌ನವರು ಶಾಂಕಿಲ್‌ನವರ ಮಂಡಿನೋವು ವಿಚಾರಿಸಿದರು. ಆಪರೇಷನ್ ಡೇಟ್ ಇನ್ನೂ ಸಿಕ್ಕಿಲ್ಲ ಅಂತ ಅವರು ಗೊಣಗಿದರು. ಆಮೇಲೆ ಇಬ್ಬರೂ ಸೇರಿ ಮಳೆಗೆ ಬೈದರು. ಗೆಳೆತನ ಅಂತ ಅದಕ್ಕೆ ಹೆಸರಿಡೋಕೆ ಹೋಗಬೇಡಿ. ಹತ್ತು ಹೆಜ್ಜೆ ಆಚೆ ಹೋದ ಮೇಲೆ ಇಬ್ಬರೂ ಹೇಳುವ ಕಥೆ ಬೇರೆಬೇರೆಯೇ.

ನೋಟ್‌ಬುಕ್ ಇದ್ದರೆ ಒಂದು ಕೆಲಸ ಮಾಡಿ. ಪ್ರತಿಯೊಬ್ಬರೂ ಕಥೆಯನ್ನು ಯಾವ ವರ್ಷದಿಂದ ಶುರುಮಾಡುತ್ತಾರೆ, ಯಾವ ವರ್ಷದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ಬರೆದುಕೊಳ್ಳಿ. ಫಾಲ್ಸ್ ಕಡೆ 1969ರ ಆಗಸ್ಟ್ ಬರುತ್ತದೆ, ಬಾಂಬೆ ಸ್ಟ್ರೀಟ್‌ನ ಮನೆಗಳಿಗೆ ಬೆಂಕಿ ಬಿದ್ದ ತಿಂಗಳು. ಹೌದು, ಬಾಂಬೆ. ಪಕ್ಕದಲ್ಲೇ ಕಾಶ್ಮೀರ್ ರೋಡ್ ಇದೆ, ಕಾನ್‌ಪೋರ್ (ಅಂದರೆ ಕಾನ್ಪುರ) ಸ್ಟ್ರೀಟ್ ಇದೆ. ನಮ್ಮವರು ಮೊದಲು ನಗುತ್ತಾರೆ, ಆಮೇಲೆ ಬೋರ್ಡಿನ ಫೋಟೊ ತೆಗೆಯುತ್ತಾರೆ. ಪರವಾಗಿಲ್ಲ, ತೆಗೆಯಿರಿ. ಆದರೆ ಆಮೇಲೆ ಮನೆಗಳ ಹಿಂಬದಿಗೆ ಕಣ್ಣು ಹಾಯಿಸಿ. ಹಿತ್ತಲನ್ನು ಪೂರ್ತಿ ಕಬ್ಬಿಣದ ಬಲೆಯಿಂದ ಮುಚ್ಚಿದ್ದಾರೆ, ಆಚೆಯಿಂದ ಕಲ್ಲು ಬೀಳದಿರಲಿ ಅಂತ. ಅದರ ಹಿಂದೆಯೇ ಗೋಡೆ: ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ಮತ್ತೆ ಜಾಲರಿ. ಇಂಥ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆ ಅಂತ 2013ರಲ್ಲಿ ಇಲ್ಲಿನ ಸರ್ಕಾರ ಹೇಳಿತ್ತು. ಗೋಡೆ ಇನ್ನೂ ಇದೆ.

ಶಾಂಕಿಲ್ ಕಡೆ ದಾಟಿದರೆ 1993ರ ಅಕ್ಟೋಬರ್ 23 ಬರುತ್ತದೆ. ಶನಿವಾರ, ಜನ ತುಂಬಿದ ಹೊತ್ತು, ಮೀನಂಗಡಿಯಲ್ಲಿ ರಿಪಬ್ಲಿಕನ್ ಗುಂಪಾದ ಐಆರ್‌ಎ ಬಾಂಬು ಸಿಡಿದು 9 ಜನರೂ ಬಾಂಬು ಇಡಲು ಬಂದ ಒಬ್ಬನೂ ಸತ್ತರು. ಒಂದೇ ವಾರಕ್ಕೆ ಗ್ರೇಸ್ಟೀಲ್ ಎಂಬ ಊರಿನ ಬಾರ್‌ನಲ್ಲಿ ಲಾಯಲಿಸ್ಟರು ಗುಂಡು ಹಾರಿಸಿ 8 ಜನರನ್ನು ಕೊಂದರು. ಒಬ್ಬರು ಬಾಯಿ ಬಿಡದ ತಾರೀಖನ್ನು ಇನ್ನೊಬ್ಬರು ಹೇಳುತ್ತಾರೆ. ಯಾರು ಸರಿ ಅಂತ ಅಲ್ಲೇ ನಿಂತು ಪಂಚಾಯ್ತಿ ಮಾಡಬೇಡಿ.

ಇನ್ನು ಪ್ರಶ್ನೆಗಳು. ನಮ್ಮವರಿಗೆ ಬಾಯಿಗೆ ಬರುವ ಮೊದಲ ಪ್ರಶ್ನೆ ‘ನೀವು ಯಾರನ್ನಾದರೂ ಕೊಂದಿದ್ದೀರಾ?’ ದಯವಿಟ್ಟು ನುಂಗಿಕೊಳ್ಳಿ. ಅವರು ಉತ್ತರ ಕೊಡಲ್ಲ, ಕೊಡೋಕೂ ಆಗಲ್ಲ, ಹಳೇ ಕೇಸುಗಳು ಇನ್ನೂ ಮುಚ್ಚಿಲ್ಲ. ರೆಕಾರ್ಡಿಂಗ್ ಕೂಡ ಕೇಳದೆ ಶುರುಮಾಡಬೇಡಿ. ಅದಕ್ಕೊಂದು ಹಿನ್ನೆಲೆ ಇದೆ. 2001ರಿಂದ 2006ರವರೆಗೆ ಅಮೆರಿಕದ ಬೋಸ್ಟನ್ ಕಾಲೇಜಿನ ಯೋಜನೆಯೊಂದಕ್ಕೆ ಎರಡೂ ಕಡೆಯ ಮಾಜಿ ಹೋರಾಟಗಾರರು ತಮ್ಮ ನೆನಪುಗಳನ್ನು ಟೇಪಿಗೆ ಹೇಳಿದರು, ತಾವು ಸಾಯುವವರೆಗೂ ಅದು ಹೊರಗೆ ಬರಲ್ಲ ಎಂಬ ನಂಬಿಕೆಯ ಮೇಲೆ. ಕೆಲವು ವರ್ಷಗಳಲ್ಲೇ ಪೊಲೀಸರು ಕೋರ್ಟಿನ ಮೂಲಕ ಕೆಲವು ಟೇಪುಗಳನ್ನು ಪಡೆದರು, ಬಂಧನಗಳೂ ಆದವು. ಇಷ್ಟಾದ ಮೇಲೆ ಫೋನ್ ಮುಂದೆ ಹಿಡಿದರೆ ಯಾರು ಬಾಯಿ ಬಿಡುತ್ತಾರೆ, ಹೇಳಿ?

ಮನೆ ವಿಷಯ ಕೇಳಿ. ಬಾಯಿ ತಾನಾಗೇ ಬಿಚ್ಚುತ್ತದೆ. ಬ್ರಿಟಿಷ್ ಸೈನ್ಯ ಮನೆ ತಪಾಸಣೆಗೆ ಬಂದರೆ ಬೀದಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಫಾಲ್ಸ್‌ನವರನ್ನು ಕೇಳಿ ನೋಡಿ. ಹೆಂಗಸರು ಕಸದ ಡಬ್ಬಿಯ ತಗಡಿನ ಮುಚ್ಚಳ ಕಿತ್ತು ಫುಟ್‌ಪಾತಿಗೆ ಬಡಿಯುತ್ತಿದ್ದರು. ಒಂದು ಬೀದಿಯ ಸದ್ದು ಮುಂದಿನ ಬೀದಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಬಸ್ಸುಗಳನ್ನು ಅಡ್ಡಹಾಕಿ ಸುಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತಿದ್ದಿರಿ ಅಂತ ಕೇಳಿ. ಕಪ್ಪು ಟ್ಯಾಕ್ಸಿಗಳ ಕಥೆ ಬರುತ್ತದೆ, ನಮ್ಮ ಶೇರ್ ಆಟೋ ತರಹ ಗುರುತು ಪರಿಚಯ ಇಲ್ಲದವರೆಲ್ಲ ಒತ್ತಿಕೊಂಡು ಕೂತು ಹೋಗೋದು.

ಜೈಲಿನ ಬಗ್ಗೆಯೂ ಹೀಗೇ. ಗೋಡೆ ಮೇಲೆ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಚಿತ್ರ ನೋಡಿಯೇ ನೋಡುತ್ತೀರಿ. 1981ರಲ್ಲಿ ಮೇಜ್ ಜೈಲಿನಲ್ಲಿ 66 ದಿನ ಉಪವಾಸ ಮಾಡಿ ಸತ್ತವರು, ಅವರ ಹಿಂದೆ ಇನ್ನೂ 9 ಜನ ಸತ್ತರು. ಅದು ಪುಸ್ತಕದಲ್ಲೂ ಸಿಗುತ್ತದೆ. ನಾನು ಒಬ್ಬರನ್ನು ಕೇಳಿದ್ದು ‘ನಿಮ್ಮ ಅಮ್ಮ ನೋಡೋಕೆ ಬರುತ್ತಿದ್ದರಾ?’ ಅಂತ. ಕೈದಿ ಸಮವಸ್ತ್ರ ಹಾಕಲ್ಲ ಅಂತ ಹಟ ಹಿಡಿದು ಬರೀ ಕಂಬಳಿ ಸುತ್ತಿಕೊಂಡಿದ್ದವರಲ್ಲಿ ಅವರೂ ಒಬ್ಬರು. ಭೇಟಿಗೆ ಹೋಗಬೇಕಾದರೆ ಆ ಬಟ್ಟೆ ಹಾಕಲೇಬೇಕಿತ್ತು. ಹಾಕಲಿಲ್ಲ, ಅಮ್ಮನ ಮುಖವನ್ನೂ ನೋಡಲಿಲ್ಲ. ‘ಅಮ್ಮ ಹೊರಗೆ ಬಸ್‌ಸ್ಟಾಪಿನಲ್ಲಿ ನಿಂತು ವಾಪಸ್ ಹೋಗುತ್ತಿದ್ದಳಂತೆ’ ಅಂದರು. ಶಾಂಕಿಲ್‌ನವರನ್ನು ಇದೇ ಜೈಲಿನ ಬಗ್ಗೆ ಕೇಳಿ. ಅವರ ಕಡೆ ಗಸ್ಟಿ ಸ್ಪೆನ್ಸ್ ಎಂಬ ಮುಖಂಡ ತನ್ನವರನ್ನು ಬೆಳಿಗ್ಗೆ ಎಬ್ಬಿಸಿ, ಹಾಸಿಗೆ ಮಡಿಸಲು ಹೇಳಿ, ಬೂಟು ಪಾಲಿಶ್ ಮಾಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. 1994ರ ಅಕ್ಟೋಬರ್‌ನಲ್ಲಿ ಲಾಯಲಿಸ್ಟರ ಕದನವಿರಾಮದ ಹೇಳಿಕೆ ಓದಿದವರೂ ಅವರೇ. ಚರ್ಮದ ಪರ್ಸು, ಚಿತ್ರ ಬಿಡಿಸಿದ ಕರವಸ್ತ್ರ ಮಾಡಿ ಮನೆಗೆ ಕಳಿಸೋದು ಮಾತ್ರ ಎರಡೂ ಕಡೆ ಇತ್ತು.

ನಮ್ಮವರಿಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆ ಇದೆ. ಇಂಡಿಯಾದವರು ಅಂತ ಗೊತ್ತಾದ ಕೂಡಲೇ ಇಬ್ಬರೂ ನಿಮ್ಮನ್ನು ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ. ಒಬ್ಬರು ‘ನೀವೂ ಬ್ರಿಟಿಷರನ್ನು ಓಡಿಸಿದವರಲ್ವಾ’ ಅನ್ನುತ್ತಾರೆ. ಇನ್ನೊಬ್ಬರು ಮೊದಲ ಮಹಾಯುದ್ಧದಲ್ಲಿ ಜೊತೆಗೆ ಹೋರಾಡಿದ ಭಾರತದ ಸೈನಿಕರನ್ನು ನೆನೆಯುತ್ತಾರೆ. ನಾವು ಕೇಳಿಸಿಕೊಳ್ಳುತ್ತಾ ‘ಹ್ಞೂಂ ಹ್ಞೂಂ’ ಅಂತ ತಲೆ ಆಡಿಸುತ್ತೇವಲ್ಲ, ಅದನ್ನು ಅವರು ಒಪ್ಪಿಗೆ ಅಂದುಕೊಳ್ಳುತ್ತಾರೆ. ಕತ್ತು ಸ್ವಲ್ಪ ಹಿಡಿತದಲ್ಲಿರಲಿ. ನಮ್ಮೂರ ಗಲಾಟೆಗಳ ಜೊತೆ ಹೋಲಿಸುವ ಆತುರವೂ ಬೇಡ, ಆ ಚರ್ಚೆ ಮನೆಗೆ ಬಂದು ಊಟ ಮಾಡುತ್ತಾ ಮಾಡೋಣ.

ಇದೆಲ್ಲ ಬಂದೂಕು ಹಿಡಿದಿದ್ದವರ ನೆನಪು. ಗಂಡನನ್ನೋ ಮಗಳನ್ನೋ ಕಳೆದುಕೊಂಡವರಲ್ಲಿ ಕೆಲವರಿಗೆ ಇಂಥ ನಡಿಗೆಗಳನ್ನು ಕಂಡರೇ ಆಗಲ್ಲ, ಮತ್ತೆ ಮಾತು ಅವರದ್ದೇ ಆಯಿತಲ್ಲ ಅನ್ನುತ್ತಾರೆ. ನನಗೂ ಆ ದೂರು ನ್ಯಾಯ ಅನಿಸುತ್ತದೆ. ಅದಕ್ಕೆ ನಡಿಗೆ ಮುಗಿದ ಮೇಲೆ ಊರಿನ ನಡುವೆ ನಾರ್ತ್ ಕ್ವೀನ್ ಸ್ಟ್ರೀಟ್‌ವರೆಗೂ ಹೋಗುತ್ತೇನೆ. 1971ರ ಡಿಸೆಂಬರ್ 4ರಂದು ಲಾಯಲಿಸ್ಟ್ ಗುಂಪಾದ ಯುವಿಎಫ್‌ನ ಬಾಂಬಿಗೆ ಮೆಕ್‌ಗರ್ಕ್ಸ್ ಬಾರ್‌ನಲ್ಲಿ 15 ಜನ ಸತ್ತ ಜಾಗ ಅದು. ಅಲ್ಲಿ ಹೆಸರುಗಳಿವೆ, ಓದಿ. ಶಾಂಕಿಲ್‌ನಲ್ಲೂ ಮೀನಂಗಡಿಯಲ್ಲಿ ಸತ್ತವರ ನೆನಪಿನ ಜಾಗ ಇದೆ, ಅಲ್ಲೂ ಐದು ನಿಮಿಷ ನಿಲ್ಲಿ.

ಛತ್ರಿಗಿಂತ ಟೋಪಿ ಇರುವ ಮಳೆಕೋಟು ವಾಸಿ, ಗಾಳಿ ಛತ್ರಿಯನ್ನು ಉಳಿಸಲ್ಲ. ಫಾಲ್ಸ್ ರೋಡಿಗೆ ಊರೊಳಗಿಂದ ಜಿ1 ಗ್ಲೈಡರ್ ಬಸ್ ಹತ್ತಿ. ಗೋಡೆಯ ಗೇಟುಗಳನ್ನು ರಾತ್ರಿಗೆ ಮುಚ್ಚುತ್ತಾರೆ, ಕೆಲವನ್ನು ಸಂಜೆಯೇ. ನಿಮ್ಮ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ನಡೆಸುವವರನ್ನೇ ಕೇಳಿಕೊಳ್ಳಿ, ಇಲ್ಲದಿದ್ದರೆ ಎದುರಿಗೆ ಕಾಣುವ ಬೀದಿಗೆ ಊರೆಲ್ಲ ಸುತ್ತಿ ಹೋಗಬೇಕಾಗುತ್ತದೆ.