‘ಐ ವಾಕ್ ದ ಲೈನ್’: ಡ್ರಮ್ ಇಲ್ಲದೆ ಆ ರೈಲಿನ ಲಯ ತರುವುದು ಹೇಗೆ

ಅಮೆರಿಕದ ಗಾಯಕ ಜಾನಿ ಕ್ಯಾಶ್‌ಗೆ ಮೊದಲ ಸಲ ಕಂಟ್ರಿ ಸಂಗೀತದ ಜನಪ್ರಿಯತೆ ಪಟ್ಟಿಯ ಅಗ್ರಸ್ಥಾನ ತಂದುಕೊಟ್ಟ ಈ ಹಾಡಿನಲ್ಲಿ ಡ್ರಮ್ ಇಲ್ಲವೇ ಇಲ್ಲ. 1956ರ ಏಪ್ರಿಲ್ 2ರಂದು ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಇದ್ದದ್ದು ಕ್ಯಾಶ್ ಗಿಟಾರು, ಲೂಥರ್ ಪರ್ಕಿನ್ಸ್ ಎಲೆಕ್ಟ್ರಿಕ್ ಗಿಟಾರು, ಮಾರ್ಷಲ್ ಗ್ರಾಂಟ್ ಬೇಸ್, ಅಷ್ಟೇ. ಪರ್ಕಿನ್ಸ್, ಗ್ರಾಂಟ್ ಇಬ್ಬರೂ ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗಳಾಗಿದ್ದವರು. ಬಂದಷ್ಟನ್ನೇ ಅಚ್ಚುಕಟ್ಟಾಗಿ ನುಡಿಸಿದರು, ಅದೇ ಒಂದು ಶೈಲಿಯಾಯಿತು. ಡ್ರಮ್ಮಿನಂತೆ ಕೇಳಿಸುವುದು ಕ್ಯಾಶ್ ಗಿಟಾರಿನ ತಂತಿಗಳಲ್ಲಿ ಸಿಕ್ಕಿಸಿದ್ದ ಕಾಗದ.

ಕಾಗದದಿಂದಲೇ ಶುರು ಮಾಡಿ. ನೋಟುಪುಸ್ತಕದ ಹಾಳೆಯಿಂದ 12 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಎರಡಾಗಿ ಮಡಚಿ. ಗಿಟಾರಿನ ಕುತ್ತಿಗೆ ಮುಗಿದು ರಂಧ್ರ ಶುರುವಾಗುವ ಕಡೆ ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಚಾಪೆ ಹೆಣೆದಂತೆ ತೂರಿಸಿ. ಮೀಟಿದರೆ ‘ಚಿಕ್’ ಎನ್ನಬೇಕು, ಸ್ವರವೂ ಕೇಳಬೇಕು. ಸ್ವರ ಸತ್ತೇಹೋದರೆ ಪಟ್ಟಿಯನ್ನು ಬ್ರಿಜ್ (ಗಿಟಾರಿನ ಒಡಲ ಮೇಲೆ ತಂತಿಗಳ ತುದಿ ಕೂರುವ ಪಟ್ಟಿ) ಕಡೆಗೆ ಸರಿಸಿ. ಲಗ್ನಪತ್ರಿಕೆಯಂಥ ದಪ್ಪ ಕಾಗದ ಬೇಡ, ಅದು ತಂತಿಯನ್ನು ಎತ್ತಿ ಶ್ರುತಿ ಏರಿಸಿಬಿಡುತ್ತದೆ.

ಬಲಗೈ ಕೆಲಸ ಹೀಗೆ: ಹೆಬ್ಬೆರಳಿನಲ್ಲಿ ಅಥವಾ ಪಿಕ್‌ನಲ್ಲಿ ಮಂದ್ರ ತಂತಿ ಒಂದು, ಆಮೇಲೆ ಕೆಳಗಿನ ಮೂರು ತಂತಿಗಳ ಮೇಲೆ ಹಗುರಾಗಿ ಕೆಳಕ್ಕೆ-ಮೇಲಕ್ಕೆ. ಬೂಮ್-ಚಿಕ, ಬೂಮ್-ಚಿಕ, ರೈಲು ಓಡಿದಂತೆ. ಇ (E) ಕಾರ್ಡ್‌ನಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊದಲ ಬೂಮ್ ಎಲ್ಲಕ್ಕಿಂತ ದಪ್ಪನೆಯ 6ನೇ ತಂತಿ ತೆರೆದದ್ದು, ಅಂದರೆ ಬೆರಳು ಒತ್ತದೆ ಮೀಟಿದ್ದು; ಎರಡನೆಯದು 5ನೇ ತಂತಿಯ 2ನೇ ಫ್ರೆಟ್ (ಕುತ್ತಿಗೆಯ ಮೇಲೆ ಲೋಹದ ಗೆರೆಗಳ ನಡುವಿನ ಮನೆ). ಬಿ7ನಲ್ಲಿ 5ನೇ ತಂತಿಯ 2ನೇ ಫ್ರೆಟ್, ಆಮೇಲೆ 6ನೆಯದರ 2ನೇ ಫ್ರೆಟ್. ಮೆಟ್ರೊನೋಮ್ (ಲಯ ತಪ್ಪದಂತೆ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 80ರಲ್ಲಿಟ್ಟು ಶುರು ಮಾಡಿ, ಕೈ ಕೂತ ಮೇಲೆ 105ರ ಹತ್ತಿರ ತನ್ನಿ. ಕ್ಯಾಶ್ ಇದನ್ನು ನಿಧಾನವಾಗಿ ಹಾಡಬೇಕೆಂದಿದ್ದರು, ನಿರ್ಮಾಪಕ ಸ್ಯಾಮ್ ಫಿಲಿಪ್ಸ್ ವೇಗ ಹೆಚ್ಚಿಸಿದರು. ಫಿಲಿಪ್ಸ್ ಮಾಡಿದ್ದೇ ಸರಿ. ಎಳೆದು ಹಾಡಿದರೆ ಲಯದ ಓಟವೇ ನಿಂತುಹೋಗುತ್ತದೆ.

ಇ ಶ್ರುತಿಯಲ್ಲಿ ಪದ್ಯದ ನಾಲ್ಕು ಸಾಲು: ಬಿ7–ಇ, ಬಿ7–ಇ, ಎ–ಇ, ಬಿ7–ಇ. ಸಾಲು ಮೂಲ ಕಾರ್ಡ್‌ನಿಂದ ಶುರುವಾಗುವುದಿಲ್ಲ, ಕೊನೆಯಲ್ಲಿ ಅಲ್ಲಿಗೆ ಬಂದು ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲೇ: ಅಭ್ಯಾಸಬಲದಿಂದ ಇ ಹಿಡಿದೇ ಬಾಯಿ ತೆರೆಯುತ್ತಾರೆ.

ಇನ್ನು ಹಾಡಿನ ಜೀವಾಳ. ಐದು ಪದ್ಯಗಳಿಗೆ ಶ್ರುತಿ ಇ, ಎ, ಡಿ, ಎ, ಇ ಎಂದು ಬದಲಾಗುತ್ತದೆ. ನಾವು ಕೆಲವು ಕೃತಿಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುತ್ತೇವಲ್ಲ, ಇಲ್ಲಿ ನಡುದಾರಿಯಲ್ಲೇ ಮಧ್ಯಮ ಷಡ್ಜವಾಗುತ್ತದೆ. ಇ ಇಂದ ಎಗೆ ಹೋಗಲು 6ನೇ ತಂತಿಯಲ್ಲಿ 0 (ತೆರೆದದ್ದು), 2, 4ನೇ ಫ್ರೆಟ್ ನುಡಿಸಿ 5ನೇ ತಂತಿ ತೆರೆದು ಮೀಟಿ. ಎಯಿಂದ ಡಿಗೆ ಅದನ್ನೇ 5ನೇ ತಂತಿಯಲ್ಲಿ ನುಡಿಸಿ 4ನೆಯದನ್ನು ತೆರೆದು ಮೀಟಿ. ವಾಪಸು ಬರುವಾಗ ಅದೇ ಮೆಟ್ಟಿಲು ಇಳಿಯಿರಿ. ಎ ಪದ್ಯ ಇ7ನಿಂದ, ಡಿ ಪದ್ಯ ಎ7ನಿಂದ ಶುರು.

ಪದ್ಯಗಳ ನಡುವೆ ಕ್ಯಾಶ್ ‘ಹ್ಮ್‌ಮ್’ ಎಂದು ಗುನುಗುವುದು ಅಲಂಕಾರಕ್ಕಲ್ಲ, ಹೊಸ ಶ್ರುತಿ ಹಿಡಿಯುವುದಕ್ಕೆ. ಅದನ್ನು ಬಿಟ್ಟರೆ ಎರಡನೇ ಪದ್ಯದಲ್ಲೇ ಹಳೆಯ ಶ್ರುತಿಗೆ ಜಾರುತ್ತೀರಿ. ಅಭ್ಯಾಸದಲ್ಲಿ ಹೊಸ ಷಡ್ಜವನ್ನೇ ಗುನುಗಿ, ಅದು ಗಂಟಲಲ್ಲಿ ನಿಂತ ಮೇಲೆ ಮಾತು ಎತ್ತಿಕೊಳ್ಳಿ.

ಕೊನೆಗೆ ಮೊದಲ ಪದ್ಯವೇ ಮರಳುತ್ತದೆ, ಆದರೆ ಒಂದು ಸ್ಥಾಯಿ ಕೆಳಗೆ. ಹಾಗಾಗಿ ಶ್ರುತಿ ಗೊತ್ತುಮಾಡುವಾಗ ಮೊದಲು ಹಾಡಿ ನೋಡಬೇಕಾದ್ದು ಕೊನೆಯ ಪದ್ಯ. ತಳದ ಸ್ವರ ಗಾಳಿಯಾಗಿ ಹೋದರೆ ಕೇಪೊವನ್ನು (ಎಲ್ಲ ತಂತಿಗಳನ್ನೂ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಒಂದೊಂದೇ ಫ್ರೆಟ್ ಮೇಲೆ ಸರಿಸುತ್ತ, ಆ ಸ್ವರಕ್ಕೆ ಗಟ್ಟಿ ದನಿ ಬಂದ ಕಡೆ ನಿಲ್ಲಿಸಿ.