ಚೌಕಾಬಾರ ಗೇಮ್ ಮತ್ತು ಮೋಸ ಮಾಡುವ ಕವಡೆ

ನಾನು ಮಾಡುತ್ತಿರುವುದು ಮೊಬೈಲಿನಲ್ಲಿ ಆಡುವ ಚೌಕಾಬಾರ. ಭಾನುವಾರ ನಮ್ಮ ಚಿಕ್ಕ ಗುಂಪು ಕುವೆಂಪುನಗರದಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತದೆ. ಮಂಡ್ಯದ ಗೆಳೆಯ ರೈಲು ಹಿಡಿದು ಬರುತ್ತಾನೆ. ಒಬ್ಬರ ಗೇಮನ್ನು ಇನ್ನೊಬ್ಬರು ಆಡಬೇಕು, ಆಮೇಲೆ ಬೈಯಬೇಕು. ಇರುವುದು ಒಂದೇ ಕಟ್ಟಳೆ: ಬೇರೆಯವರು ಆಡುವಾಗ ಗೇಮ್ ಮಾಡಿದವರು ತುಟಿ ಬಿಚ್ಚಬಾರದು. ಇದು ಎಷ್ಟು ಕಷ್ಟ ಅಂತ ಕೂತು ನೋಡಿದವರಿಗೇ ಗೊತ್ತು.

ಆಡಿದವರೆಲ್ಲ ಹೇಳಿದ್ದು ಒಂದೇ ಮಾತು, ‘ನಿನ್ನ ಕವಡೆ ಮೋಸ ಮಾಡ್ತಿದೆ.’ ಕೋಡ್ ಮತ್ತೆ ನೋಡಿದೆ, ಸರಿಯಾಗೇ ಇತ್ತು. ನಾಲ್ಕು ಕವಡೆ, ಒಂದೊಂದೂ ಮೇಲಕ್ಕೋ ಕೆಳಕ್ಕೋ ಬೀಳಲು ಸಮ ಅವಕಾಶ. ಹಾಗಾದರೆ 16ರಲ್ಲಿ 6 ಸಲ ಎರಡು ಬೀಳುತ್ತದೆ. ಒಂದು, ಮೂರು ತಲಾ 4 ಸಲ. ಚೌಕ (ನಾಲ್ಕೂ ಮೇಲಕ್ಕೆ), ಬಾರ (ನಾಲ್ಕೂ ಕೆಳಕ್ಕೆ) ತಲಾ ಒಂದೇ ಸಲ. ಹತ್ತು ಸಲ ಎಸೆದರೂ ಚೌಕವೂ ಇಲ್ಲ, ಬಾರವೂ ಇಲ್ಲ ಅನ್ನುವುದು ನಾಲ್ಕರಲ್ಲಿ ಒಬ್ಬರಿಗೆ ಆಗೇ ಆಗುತ್ತದೆ. ಅವರಿಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಬಾರ ಬೀಳುವುದನ್ನು ಸ್ವಲ್ಪ ಜಾಸ್ತಿ ಮಾಡು ಅಂತ ಗುಂಪಿನವರ ಸಲಹೆ. ಗೇಮ್ ಮಾಡುವವರ ಹತ್ತಿರ ಇದೇ ತೊಂದರೆ ನೋಡಿ. ಏನು ಚುಚ್ಚಿತು ಅಂತ ಹೇಳುವ ಮೊದಲೇ ರಿಪೇರಿ ಹೇಳಿಬಿಡುತ್ತಾರೆ. ದೂರನ್ನು ನಂಬಿದೆ, ಔಷಧಿ ಬಿಟ್ಟೆ. ಆಡುವವರ ಮುಖ ನೋಡಿದಾಗ ವಿಷಯ ತಿಳಿಯಿತು: ಬಟನ್ ಒತ್ತಿದ ತಕ್ಷಣ ಅಂಕಿ ಬಂದುಬಿಡುತ್ತಿತ್ತು. ಕವಡೆ ಬಿದ್ದದ್ದನ್ನು ಯಾರೂ ಕಂಡೇ ಇರಲಿಲ್ಲ. ಈಗ ಬೆರಳಲ್ಲಿ ಎಳೆದು ಎಸೆಯಬೇಕು. ಕವಡೆಗಳು ಉರುಳಿ ಒಂದೊಂದಾಗಿ ನಿಲ್ಲುತ್ತವೆ, ಕೊನೆಯದು ಚೂರು ತಡವಾಗಿ. ಲೆಕ್ಕ ಮುಟ್ಟಿಲ್ಲ. ಮೋಸ ಅನ್ನುವ ಮಾತು ನಿಂತೇಹೋಯಿತು!

ಮಂಡ್ಯದವನದು ಹಾರುವ ಗೇಮ್, ಗದ್ದೆ ಬದುವಿನ ಮೇಲೆ ಓಡುವ ಹುಡುಗ. ‘ಒತ್ತಿದ್ರೂ ಹಾರಲ್ಲ’ ಅಂದೆವು. ಅಂಚು ದಾಟಿದ ಮೇಲೂ ಆರು ಫ್ರೇಮ್ (ಪರದೆಯ ಮೇಲೆ ಬದಲಾಗುವ ಒಂದೊಂದು ಚಿತ್ರ) ತನಕ ಹಾರಲು ಬಿಡು ಅಂತ ನಾನೇ ಹೇಳಿದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗ. ಇದಕ್ಕೆ ಕೊಯೊಟೆ ಟೈಮ್ ಅನ್ನುತ್ತಾರೆ, ಹಳೇ ಉಪಾಯ. (ಹೌದು, ನಾನೂ ರಿಪೇರಿಯನ್ನೇ ಹೇಳಿದೆ.)

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ನಾನು ಬಳಸುವುದು ಗೊಡೋ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್, ಪೂರ್ತಿ ಉಚಿತ. ಅದರ ಮೂರನೇ ಆವೃತ್ತಿಯಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು. 2023ರಲ್ಲಿ ನಾಲ್ಕನೆಯದು ಬಂದ ಮೇಲೆ ಸರಿಹೋಗಿದೆ. ನೋಟೊ ಕನ್ನಡ ಫಾಂಟ್ ಹಾಕಿದರೆ ಸಾಕು.

ಇನ್ನೂ ಬಗೆಹರಿಯದ್ದು ಚೌಕಾಬಾರದ ನಿಯಮದ ಜಗಳ. ಹೊರಸುತ್ತಿನ 16 ಮನೆ ಮುಗಿಸಿ ಒಳಗಿನ 8 ಮನೆಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಾದರೂ ಹೊಡೆದಿರಬೇಕಾ? ನಮ್ಮ ಮನೆಯಲ್ಲಿ ಹೊಡೆದಿರಲೇಬೇಕು. ಅತ್ತೆ ಮನೆಯಲ್ಲಿ ಬೇಡ. ಆಡುವವರೇ ಆರಿಸಿಕೊಳ್ಳಲಿ ಅಂತ ಒಂದು ಪರದೆ ಇಟ್ಟೆ. ಆಟಕ್ಕಿಂತ ಮೊದಲು ಪರೀಕ್ಷೆ ಬರೆದಂಗಿದೆ ಅಂತ ಮಂಡ್ಯದವನ ತಕರಾರು. ಸದ್ಯಕ್ಕೆ ಅದನ್ನು ತೆಗೆದಿಲ್ಲ.