ಸಂತೆಯಲ್ಲಿ ಸಿಕ್ಕಿದ ಚುಂಗಾ-ಚಾಂಗಾ

ಹಳೇ ರೆಕಾರ್ಡುಗಳನ್ನು ಸಂತೆಯಲ್ಲಿ ಕೇಳಿ ನೋಡಿ ಕೊಳ್ಳುವ ಹಾಗಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಉದೆಲ್ನಾಯಾ ಮೆಟ್ರೋ ನಿಲ್ದಾಣದ ಹತ್ತಿರ ಶನಿವಾರ, ಭಾನುವಾರ ಕೂಡುವ ಸಂತೆಯಲ್ಲಿ ಜನ ನೆಲದ ಮೇಲೇ ಹರವಿಕೊಂಡು ಮಾರುತ್ತಾರೆ, ಪ್ಲೇಯರ್ ಎಲ್ಲಿಂದ ಬರಬೇಕು? ನನ್ನ ರಷ್ಯನ್ನೋ, ಅಕ್ಷರ ಕೂಡಿಸಿ ಓದುವಷ್ಟೇ. ಹಾಗಾಗಿ ನಾನು ನೋಡುವುದು ಲೇಬಲ್ ಮೇಲಿನ ನಂಬರನ್ನು.

ಸೋವಿಯತ್ ಕಾಲದ ರೆಕಾರ್ಡ್ ಎಂದರೆ ಬಹುಪಾಲು ‘ಮೆಲೋದಿಯಾ’ದ್ದು, 1964ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. 1970ರ ದಶಕದ ನಡುವಿನಿಂದ ಅವರ ನಂಬರಿನಲ್ಲೇ ಜಾತಕ ಇರುತ್ತದೆ. ಅಕ್ಷರದ ನಂತರದ ಮೊದಲ ಅಂಕಿ 5 ಆದರೆ ಮಕ್ಕಳದ್ದು, 6 ಆದರೆ ಲಘು ಸಂಗೀತ. ಎರಡನೇ ಅಂಕಿ ಅಳತೆ: 0 ಎಂದರೆ ದೊಡ್ಡದು, 30 ಸೆಂ.ಮೀ.; 2 ಎಂದರೆ ಚಿಕ್ಕದು. 52 ಕಂಡರೆ ಎತ್ತಿಕೊಳ್ಳುತ್ತೇನೆ.

ಅಂಥದ್ದೊಂದು ಕಂತೆಯ ನಡುವೆ ಕವರಿಲ್ಲದ, ಬಗ್ಗಿಸಿದರೆ ಬಗ್ಗುವ ನೀಲಿ ರೆಕಾರ್ಡ್ ಇತ್ತು. ಸೋವಿಯತ್ ಕಾಲದ ‘ಕ್ರುಗೋಜೋರ್’ ಎಂಬ ಪತ್ರಿಕೆಯೊಳಗೆ ಇಂಥ ತೆಳು ರೆಕಾರ್ಡುಗಳನ್ನು ಹೊಲಿದು ಕೊಡುತ್ತಿದ್ದರು, ಆ ಬಗೆಯದು. ನಂಬರ್ ಮಾಸಿತ್ತು, ಶಾಯಿನ್‌ಸ್ಕಿ ಎಂಬ ಹೆಸರು ಮಾತ್ರ ಓದಲು ಬಂತು. ವ್ಲಾದಿಮಿರ್ ಶಾಯಿನ್‌ಸ್ಕಿ ಎಂದರೆ ಮಕ್ಕಳ ಹಾಡುಗಳಿಗೆ ಹೆಸರಾದ ಸಂಗೀತ ಸಂಯೋಜಕ, ಅವರ ಹೆಸರಿದ್ದ ಮೇಲೆ ಮಕ್ಕಳ ಹಾಡೇ ಇರಬೇಕು ಎಂದು ತಂದೆ.

ತೆಳು ರೆಕಾರ್ಡನ್ನು ಹಾಗೇ ಇಟ್ಟರೆ ಸೂಜಿಯ ಕೆಳಗೆ ಜಾರುತ್ತದೆ. ಅಡಿಗೆ ಒಂದು ಗಟ್ಟಿ ರೆಕಾರ್ಡ್ ಇಟ್ಟು, ನಡುಭಾಗದಲ್ಲಿ, ಸೂಜಿ ಓಡುವ ಗೀರುಗಳಿಲ್ಲದ ಕಡೆ, ನಾಣ್ಯ ಹೇರಿದೆ. ಸೂಜಿಯ ಭಾರ ಹೆಚ್ಚಿಸಲಿಲ್ಲ. ಹೆಚ್ಚಿಸಿದರೆ ಗೀರು ಸವೆಯುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಎಡ, ಬಲ ಎರಡನ್ನೂ ಸೇರಿಸಿ ಮೋನೋ ಮಾಡಿದೆ. ಮೂಲವೇ ಮೋನೋ ಆದ್ದರಿಂದ ಹಾಡಿಗೇನೂ ನಷ್ಟವಿಲ್ಲ, ಚಟಪಟ ಸದ್ದು ಮಾತ್ರ ಎಷ್ಟೋ ತಗ್ಗುತ್ತದೆ. ಸದ್ದು ತೆಗೆಯುವ ಫಿಲ್ಟರುಗಳನ್ನು ಇದಕ್ಕಿಂತ ಮುಂದೆ ಎಳೆದರೆ ದನಿಯೂ ಸೀದುಹೋಗುತ್ತದೆ ಎಂಬುದು ನನ್ನ ಮತ.

ಬಂದದ್ದು ‘ಚುಂಗಾ-ಚಾಂಗಾ’! 1970ರ ‘ಕಾತೆರೋಕ್’ ಕಾರ್ಟೂನಿನ ಹಾಡು, ಸಾಹಿತ್ಯ ಯೂರಿ ಎಂತಿನ್, ದನಿ ಐದಾ ವೆದಿಶ್ಚೆವಾ. ಬಿಸಿಲಿನ ದ್ವೀಪ, ತೆಂಗಿನಕಾಯಿ ಅಗಿ, ಬಾಳೆಹಣ್ಣು ತಿನ್ನು, ಅಷ್ಟೇ ಬದುಕು. ಕುಂದಾಪುರದ ಕಡೆಯವನಿಗೆ ಇದರಲ್ಲಿ ಏನು ವಿಶೇಷ? ಆದರೆ ಆಗ ಅಲ್ಲಿ ಬಾಳೆಹಣ್ಣು ಅಂಗಡಿಗೆ ಬಂದರೆ ಕ್ಯೂ ನಿಲ್ಲುತ್ತಿತ್ತು. ಹಿಮದೂರಿನ ಮಕ್ಕಳು ನಮ್ಮ ಹಿತ್ತಿಲನ್ನು ಸ್ವರ್ಗ ಮಾಡಿಕೊಂಡು ಕುಣಿದಿದ್ದಾರೆ! ತಾಳವೂ ಅಂಥದ್ದೇ, ಪಾತ್ರೆ ತೊಳೆಯುವಾಗಲೂ ಬಿಡುವುದಿಲ್ಲ.

ಈ ತೆಳು ರೆಕಾರ್ಡುಗಳಿಗೆ ಹೆಚ್ಚಿನ ಬೆಲೆ ಇಲ್ಲ. ನಾಲ್ಕು ಗಟ್ಟಿ ರೆಕಾರ್ಡ್ ಕೊಂಡು ಕೇಳಿದರೆ ಸುಮ್ಮನೇ ಕೊಡುವವರೂ ಇದ್ದಾರೆ. ಮಡಚಿದ ಗೆರೆ ಬಿದ್ದದ್ದನ್ನು ಮಾತ್ರ ತರಬೇಡಿ, ಸೂಜಿ ಅಲ್ಲೇ ಎಗರುತ್ತದೆ.